ಅಜ್ಜಿಯ ಮರೆವಿನ ಮಾತ್ರೆ, ಅಪ್ಪ ಹತ್ತಿಗೆ ಹೊಡೆಯುವ ಎಣ್ಣೆ: ಎರಡೂ ಒಂದೇ ಕೆಲಸ ಮಾಡುತ್ತವಾ?

ಮಾನ್ವಿ ಹುಡುಗಿ (ಸೋಮವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆಯಲ್ಲಿ ಇದೇ ಓಡುತ್ತಿದೆ, ಗೊತ್ತಿದ್ದವರು ಹೇಳಿ.

ಹೋದ ವಾರ ಅಪ್ಪ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆದು ಬಂದು ಕಟ್ಟೆ ಮೇಲೆ ಕೂತರು. ಊಟ ಬೇಡ ಅಂದರು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ. ಕಣ್ಣು ಮಂಜು ಮಂಜು ಅಂದರು. ತೊಡೆಯ ಮಾಂಸ ಒಳಗೆ ಹುಳ ಹರಿದಾಡಿದ ಹಾಗೆ ಅದುರುತ್ತಿತ್ತು. ಬಿಸಿಲು ಬಡಿದಿದೆ ಅಂತ ಓಣಿಯವರು ಮಜ್ಜಿಗೆ ಕುಡಿಸಿದರು. ಅದರಲ್ಲೇ ಒಂದು ತಾಸು ಹೋಯಿತು. ಆಮೇಲೆ ಉಸಿರಾಡುವಾಗ ಗೊರ ಗೊರ ಸದ್ದು ಶುರುವಾಯಿತು, ಗಾಡಿ ಮಾಡಿಕೊಂಡು ಓಡಿದೆವು. ಐದು ದಿನ ಐಸಿಯು. ದೇವರ ದಯೆ, ಈಗ ಮನೆಗೆ ಬಂದಿದ್ದಾರೆ.

ಅಲ್ಲಿನ ಡಾಕ್ಟರು "ನರಕ್ಕೆ ಬೇಕಾದ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಬಂದ್ ಆಗಿದೆ" ಅಂದಿದ್ದರು. ಮನೆಗೆ ಬಂದ ಮೇಲೆ ಅಜ್ಜಿಯ ಮರೆವಿನ ಮಾತ್ರೆ ಡೊನೆಪೆಜಿಲ್ ಬಗ್ಗೆ ಓದಿದೆ. ಅದೂ ಅದೇ ಕಿಣ್ವವನ್ನು ತಡೆಯುತ್ತದಂತೆ! ಕೈ ನಡುಗಿತು. ಎರಡು ದಿನದಿಂದ ಅಜ್ಜಿಗೆ ಮಾತ್ರೆ ಕೊಟ್ಟಿಲ್ಲ. ನಾನು ಮಾಡಿದ್ದು ಸರಿನಾ? ದಿನಾ ರಾತ್ರಿ ಅಜ್ಜಿಗೆ ನಾನೇ ವಿಷ ಕೊಡುತ್ತಿದ್ದೆನಾ?

ಹಳೇ ಔಷಧಿ ಅಂಗಡಿ

ತಂಗಿ, ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಎರಡು ದಿನ ತಪ್ಪಿದೆ ಅಂತ ಹೇಳು. ಡೊನೆಪೆಜಿಲ್ ಮೈಯಿಂದ ಇಳಿಯುವುದು ನಿಧಾನ. ಅರ್ಧ ಇಳಿಯಲಿಕ್ಕೇ ಸುಮಾರು ಮೂರು ದಿನ ಬೇಕು. ಎರಡು ದಿನಕ್ಕೆ ದೊಡ್ಡ ಅನಾಹುತ ಆಗಿರುವುದಿಲ್ಲ. ಆದರೆ ಹೆದರಿಕೊಂಡು ನೀನಾಗಿಯೇ ನಿಲ್ಲಿಸಬೇಡ. ವಾರಗಟ್ಟಲೆ ನಿಂತರೆ ಮತ್ತೆ ಸಣ್ಣ ಡೋಸಿನಿಂದ ಶುರು ಮಾಡಬೇಕಾಗುತ್ತದೆ.

ಬೀದರ್ ಬಿಸಿಲು

ಎರಡೂ ಒಂದೇ ಕೆಲಸ ಮಾಡುತ್ತವೆ ಅಂದಮೇಲೆ ಎರಡೂ ವಿಷವೇ ಅಲ್ವಾ? ವಯಸ್ಸಾದವರಿಗೆ ಇಂಥದ್ದನ್ನು ಯಾಕೆ ಕೊಡಬೇಕು? ಮರೆವು ವಯಸ್ಸಿಗೆ ಬರುವಂಥದ್ದು.

ಕೆಮಿಸ್ಟ್ರಿ ಮೇಷ್ಟ್ರು, ಧಾರವಾಡ

ಅವಸರ ಬೇಡ ಸರ್. ನಾನು ತರಗತಿಯಲ್ಲಿ ಹೇಳುವ ರೀತಿಯಲ್ಲೇ ಹೇಳುತ್ತೇನೆ.

ನರ ಒಂದು ಸ್ನಾಯುವಿಗೆ "ಅಲುಗು" ಅಂತ ಹೇಳಬೇಕಾದರೆ ಅಸಿಟೈಲ್‌ಕೋಲಿನ್ ಅನ್ನೋ ವಸ್ತುವನ್ನು ಬಿಡುತ್ತದೆ. ಇದು ಬೋರ್ಡಿನ ಮೇಲೆ ಬರೆದ ಅಕ್ಷರ ಅಂದುಕೊಳ್ಳಿ. ಅಸಿಟೈಲ್‌ಕೋಲಿನೆಸ್ಟರೇಸ್ ಡಸ್ಟರ್. ಬರೆದದ್ದನ್ನು ಆ ಕ್ಷಣವೇ ಅಳಿಸುತ್ತದೆ. ಈ ಕಿಣ್ವದ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ಅಷ್ಟು ಚುರುಕಾಗಿ ಅಳಿಸುವುದರಿಂದಲೇ ನಾವು ಬೆರಳು ಮಡಚಿ ಬಿಡಿಸಲು ಆಗುತ್ತದೆ.

ಆಲ್ಝೈಮರ್ ಇರುವವರ ಮೆದುಳಿನಲ್ಲಿ ಬರೆಯುವವರೇ ಕಡಿಮೆಯಾಗಿರುತ್ತಾರೆ. ಅಕ್ಷರ ಮಸುಕು. ಆಗ ಡಸ್ಟರನ್ನು ಸ್ವಲ್ಪ ನಿಧಾನ ಮಾಡಿದರೆ ಆ ಮಸುಕು ಅಕ್ಷರ ಇನ್ನೊಂದು ಗಳಿಗೆ ಉಳಿಯುತ್ತದೆ, ಓದಲಿಕ್ಕೆ ಆಗುತ್ತದೆ. ಡೊನೆಪೆಜಿಲ್ ಮಾಡುವುದು ಇಷ್ಟೇ. ಹೊಲದ ಔಷಧಿ ಜಾಸ್ತಿ ಮೈಗೆ ಹೋದರೆ ಡಸ್ಟರನ್ನೇ ಕಸಿದುಕೊಳ್ಳುತ್ತದೆ. ಬರೆದದ್ದರ ಮೇಲೆ ಬರೆದು ಬರೆದು ಬೋರ್ಡು ಪೂರ್ತಿ ಬೆಳ್ಳಗಾಗುತ್ತದೆ. ಸ್ನಾಯು ಮೊದಲು ಅದುರುತ್ತದೆ, ಆಮೇಲೆ ಏನೂ ಕೇಳಿಸದೆ ಸೋತು ಬೀಳುತ್ತದೆ. ಜೊಲ್ಲು, ಬೆವರು, ಕಣ್ಣೀರು, ಎದೆಯ ಕಫ ಎಲ್ಲವೂ ನಿಲ್ಲದೆ ಸುರಿಯುತ್ತವೆ. ನಿಮ್ಮ ತಂದೆಗೆ ಆದದ್ದು ಇದೇ.

ಮಾನ್ವಿ ಹುಡುಗಿ

ಮೇಷ್ಟ್ರೇ, ಈಗ ಅರ್ಥ ಆಯಿತು. ಆದರೆ ಮಾತ್ರೆ ಕೂಡ ಡಸ್ಟರನ್ನು ಕಸಿದುಕೊಳ್ಳುವುದಿಲ್ಲ ಅಂತ ಏನು ಗ್ಯಾರಂಟಿ?

ಐಸಿಯು ರಾತ್ರಿ ಪಾಳಿ

ನಾನು ಹನ್ನೊಂದು ವರ್ಷದಿಂದ ಐಸಿಯುನಲ್ಲಿ ಕೆಲಸ ಮಾಡುವ ನರ್ಸ್. ಈ ಪ್ರಶ್ನೆಗೆ ಬಸ್ಸಿನ ಸೀಟಿನ ಹೋಲಿಕೆ ಸರಿಯಾಗುತ್ತದೆ. ಡೊನೆಪೆಜಿಲ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ತಾನೇ ಎದ್ದು ಹೋಗುತ್ತದೆ, ಸೀಟು ಹಾಗೇ ಇರುತ್ತದೆ. ಹೊಲದ ಔಷಧಿಗಳ ಒಂದು ಜಾತಿಯಾದ ಆರ್ಗನೋಫಾಸ್ಫೇಟ್ ಸೀಟಿಗೆ ಬೋಲ್ಟ್ ಹಾಕಿಕೊಂಡು ಕೂರುತ್ತದೆ. ಆ ಬೋಲ್ಟ್ ಹೊತ್ತು ಹೋದ ಹಾಗೆ ತುಕ್ಕು ಹಿಡಿಯುತ್ತದೆ. ಒಂದು ಹಂತ ದಾಟಿದ ಮೇಲೆ ಯಾವ ಔಷಧಿಗೂ ಬಿಚ್ಚಲು ಆಗುವುದಿಲ್ಲ. ದೇಹ ಹೊಸ ಸೀಟನ್ನೇ ಮಾಡಬೇಕು. ಅದಕ್ಕೆ ವಾರಗಳು ಬೇಕು.

ಕಾರ್ಬಮೇಟ್ ಜಾತಿಯವು ಇವೆರಡರ ನಡುವೆ. ಬಾಳೆ, ಭತ್ತಕ್ಕೆ ಹಾಕುವ ಫ್ಯುರಡಾನ್ ಹರಳು ಈ ಜಾತಿ. ಹಿಡಿದುಕೊಳ್ಳುತ್ತವೆ, ಕೆಲವು ಗಂಟೆಗಳಲ್ಲಿ ಬಿಡುತ್ತವೆ. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ, ಆ ಕೆಲವು ಗಂಟೆಗಳಲ್ಲೇ ಜೀವ ಹೋಗಬಹುದು.

ಹಳೇ ಔಷಧಿ ಅಂಗಡಿ

ಇದಕ್ಕೆ ಇನ್ನೊಂದು ಮಾತು. ಮರೆವಿಗೆ ಕೊಡುವ ರಿವಾಸ್ಟಿಗ್ಮಿನ್, ಅಂದರೆ ಬೆನ್ನಿಗೆ ಅಂಟಿಸುವ ಪಟ್ಟಿಯೂ ಬರುತ್ತದಲ್ಲ, ಅದು ಕಾರ್ಬಮೇಟ್ ಜಾತಿಯೇ. ಫ್ಯುರಡಾನ್‌ನ ದೂರದ ನೆಂಟ. ಪ್ರಮಾಣ ಎಷ್ಟು, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿಗೆ ಹೋಗಿ ತಲುಪುತ್ತದೆ, ಇವೇ ಔಷಧಿಯನ್ನೂ ವಿಷವನ್ನೂ ಬೇರೆ ಮಾಡುವುದು. ಪಟ್ಟಿ ಹಾಕುವವರು ಹಳೆಯದನ್ನು ಕಿತ್ತೇ ಹೊಸದನ್ನು ಅಂಟಿಸಬೇಕು. ಮರೆತು ಮೂರು ಪಟ್ಟಿ ಮೈಮೇಲೆ ಉಳಿದರೆ ಔಷಧಿಯೂ ವಿಷವೇ.

ದ್ರಾಕ್ಷಿ ತೋಟ, ವಿಜಯಪುರ

ನಿಮ್ಮಪ್ಪ ಯಾವ ಔಷಧಿ ಹೊಡೆದಿದ್ದರು? ಮೋನೋನಾ (ಮೋನೋಕ್ರೋಟೋಫಾಸ್)?

ಮಾನ್ವಿ ಹುಡುಗಿ

ಪ್ರೊಫೆನೋಫಾಸ್ ಅಣ್ಣ. ಸೈಪರ್‌ಮೆಥ್ರಿನ್ ಕೂಡಿಸಿ ಬರುತ್ತದಲ್ಲ, ಅದು. ಬೆನ್ನಿಗೆ ಹಾಕುವ ಪಂಪಿನ ಮುಚ್ಚಳ ಸಡಿಲ ಆಗಿತ್ತು. ಅಂಗಿಯ ಹಿಂಭಾಗ ಪೂರ್ತಿ ತೊಯ್ದಿತ್ತು. ಅದೇ ಅಂಗಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೊಡೆದಿದ್ದಾರೆ. ಬಾಯಿಗೆ ಕರವಸ್ತ್ರ ಕಟ್ಟಿದ್ದೆ, ಏನಾಗುತ್ತದೆ ಅಂತ ಅವರ ನಂಬಿಕೆ.

ದ್ರಾಕ್ಷಿ ತೋಟ, ವಿಜಯಪುರ

ಅಲ್ಲೇ ಆಗಿದೆ. ಮೂಗಿಗಿಂತ ಬೆನ್ನಿನಿಂದಲೇ ಜಾಸ್ತಿ ಹೋಗಿರುತ್ತದೆ. ಚರ್ಮದ ಮೂಲಕ ಇದು ಒಳಗೆ ಇಳಿಯುತ್ತದೆ ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಲೇ ಇಲ್ಲ. ಬಿಸಿಲಿಗೆ ಬೆವರಿದ ಮೈ ಇನ್ನೂ ಬೇಗ ಹೀರಿಕೊಳ್ಳುತ್ತದೆ. ಕರವಸ್ತ್ರ ತೊಯ್ದರೆ ಔಷಧಿಯನ್ನು ಮೂಗಿನ ಹತ್ತಿರ ಹಿಡಿದಿಟ್ಟ ಹಾಗೆ ಆಗುತ್ತದೆ. ಇನ್ನು ನಾಝಲ್ ಕಟ್ಟಿಕೊಂಡರೆ ಬಾಯಿಂದ ಊದುವವರನ್ನು ನಾನು ಇವತ್ತಿಗೂ ನೋಡುತ್ತೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಸಾವಯವ ಸಂತೆ

ಇಷ್ಟೆಲ್ಲ ಯಾಕೆ? ಎಲ್ಲ ನಿಷೇಧ ಮಾಡಲಿ. ಬೇವಿನೆಣ್ಣೆ, ಜೀವಾಮೃತದಲ್ಲಿ ಬೆಳೆ ಬರುವುದಿಲ್ಲವಾ? ಎಂಡೋಸಲ್ಫಾನ್ ಕೂಡ ಇದೇ ಜಾತಿ. ಕಾಸರಗೋಡಿನಲ್ಲಿ ಎಷ್ಟು ಮಕ್ಕಳ ಬಾಳು ಹಾಳಾಯಿತು!

ಪುತ್ತೂರು ಅಡಿಕೆ

ನಿಮ್ಮ ಸಿಟ್ಟು ನಮ್ಮದೂ ಹೌದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಆದರೆ ಅದು ಈ ಜಾತಿ ಅಲ್ಲ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್. ಅದು ಕೋಲಿನೆಸ್ಟರೇಸ್ ತಂಟೆಗೆ ಹೋಗುವುದಿಲ್ಲ, ಮೆದುಳನ್ನು ಬೇರೆ ದಾರಿಯಲ್ಲಿ ಕೆಣಕಿ ಫಿಟ್ಸ್ ತರಿಸುತ್ತದೆ. ಆರ್ಗನೋಫಾಸ್ಫೇಟ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಅದಕ್ಕೆ ಮದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಎರಡನ್ನೂ ಬೆರೆಸಿ ಮಾತಾಡಿದರೆ ಆಸ್ಪತ್ರೆಯಲ್ಲಿ ತಪ್ಪು ಮಾಹಿತಿ ಕೊಟ್ಟ ಹಾಗಾಗುತ್ತದೆ. ಅದಕ್ಕೇ ಬಾಟಲಿ ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಲೇಬೇಕು.

ದ್ರಾಕ್ಷಿ ತೋಟ, ವಿಜಯಪುರ

@ಸಾವಯವ ಸಂತೆ, ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಬಿದ್ದಾಗ ನೀವು ಬಂದು ಹೊಲದಲ್ಲಿ ನಿಲ್ಲಿ, ಆಮೇಲೆ ಮಾತಾಡೋಣ. ಸಾಲ ತೆಗೆದು ಬಿತ್ತಿದವನು ಹುಳ ನೋಡಿ ಸುಮ್ನೆ ಕೂರಲು ಆಗುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಲೇ 20ಕ್ಕೂ ಹೆಚ್ಚು ಜನ ಸತ್ತರು. ಅವರಿಗೇನು ಜೀವದ ಮೇಲೆ ಆಸೆ ಇರಲಿಲ್ಲವಾ?

ಸಾವಯವ ಸಂತೆ

ರೈತರನ್ನು ಬೈದಿಲ್ಲ ಅಣ್ಣ. ನನ್ನ ಸೋದರಮಾವನೂ ರೈತನೇ. ಇಂಥ ಕಡು ವಿಷವನ್ನು ಅಂಗಡಿಯಲ್ಲಿ ಸೋಪಿನ ಪಕ್ಕ ಇಟ್ಟು ಮಾರುತ್ತಾರಲ್ಲ, ಅದಕ್ಕೆ ನನ್ನ ಸಿಟ್ಟು. ಶ್ರೀಲಂಕಾದವರು 1995ರಲ್ಲೇ ಮೋನೋಕ್ರೋಟೋಫಾಸ್ ನಿಲ್ಲಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ 2005ರಲ್ಲಿ ತರಕಾರಿಗೆ ಮಾತ್ರ ಬೇಡ ಅಂದರು. ತರಕಾರಿಗೆ ಬೇಡ, ಹತ್ತಿಗೆ ಆಗಬಹುದು ಅಂದರೆ ಅಂಗಡಿಯವನು ಯಾರನ್ನು ಕೇಳಿ ಮಾರುತ್ತಾನೆ?

ಕೃಷಿ ಪದವೀಧರೆ

ಈಗ ಸ್ವಲ್ಪ ಬದಲಾಗಿದೆ. 2018ರ ಆದೇಶದಲ್ಲಿ 18 ಕೀಟನಾಶಕಗಳಿಗೆ ನಿಷೇಧ ಬಂತು. ಥಿಮೆಟ್ ಹರಳಿನಲ್ಲಿದ್ದ ಫೋರೇಟ್, ನುವಾನ್‌ನಲ್ಲಿದ್ದ ಡೈಕ್ಲೋರ್‌ವಾಸ್, ಟ್ರೈಯಾಝೋಫಾಸ್ ಇವೆಲ್ಲ 2020ರ ಡಿಸೆಂಬರ್ 31ಕ್ಕೆ ಮುಗಿದವು. 2023ರಲ್ಲಿ ಮೋನೋಕ್ರೋಟೋಫಾಸ್ 36 ಎಸ್‌ಎಲ್‌ಗೂ (ಶೇ 36ರ ದ್ರಾವಣ) ನಿಷೇಧ ಬಂತು. ಆದರೆ ಮನೆಯ ಅಟ್ಟದ ಮೇಲೆ ಹಳೇ ಡಬ್ಬಿ ಉಳಿದಿರುತ್ತದೆ, ಎಲ್ಲರೂ ಒಮ್ಮೆ ಹತ್ತಿ ನೋಡಿ.

ಡಬ್ಬಿ ಮೇಲಿನ ತ್ರಿಕೋನ ನೋಡುವುದನ್ನು ಮಕ್ಕಳಿಗೂ ಕಲಿಸಿ. ಕೆಂಪು ಅಂದರೆ ಅತಿ ಕಡು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತಲ್ಲ.

ಕೊಳ್ಳೇಗಾಲದವನು

ಮೋನೋ ಅಂದ ಕೂಡಲೇ ನಮ್ಮ ಕಡೆಯವರಿಗೆ ಸುಳ್ವಾಡಿ ನೆನಪಾಗುತ್ತದೆ. 2018ರ ಡಿಸೆಂಬರ್ 14. ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಅದನ್ನೇ ಬೆರೆಸಿದ್ದರು. 17 ಜನ ಹೋದರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆ ದಿನ ಮೈಸೂರಿನ ದಾರಿಯಲ್ಲಿ ಆಂಬುಲೆನ್ಸ್ ಸದ್ದು ನಿಲ್ಲಲೇ ಇಲ್ಲ. ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ತಿಂದವರು. ಅದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಬಿಸಿಯೂಟದ ಅಕ್ಕ

ಬಿಹಾರದಲ್ಲಿ 2013ರ ಜುಲೈನಲ್ಲಿ ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ಸತ್ತದ್ದೂ ಇದೇ ಮೋನೋಕ್ರೋಟೋಫಾಸ್‌ನಿಂದ. ಅಡುಗೆ ಎಣ್ಣೆಯಲ್ಲಿ ಸಿಕ್ಕಿತ್ತು. ಅದು ಆದ ಮೇಲೆ ನಾನು ಅಡುಗೆಕೋಣೆಯಲ್ಲಿ ಗುರುತು ಗೊತ್ತಿಲ್ಲದ ಒಂದು ಡಬ್ಬಿಯನ್ನೂ ಇಟ್ಟುಕೊಳ್ಳುವುದಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಇದನ್ನೂ "ಎಣ್ಣೆ" ಅಂತಲೇ ಕರೆಯುತ್ತೇವಲ್ಲ, ಅದೇ ನನಗೆ ಭಯ. ಮಗುವಿಗೆ "ಆ ಎಣ್ಣೆ ತಾ" ಅಂದರೆ ಯಾವುದನ್ನು ತರಬೇಕು? ಹೊಲದ್ದಕ್ಕೆ "ವಿಷ" ಅಂತಲೇ ಕರೆಯೋಣ. ಹಾಗೇ ನೀರಿನ ಬಾಟಲಿಗೆ ಸುರಿದಿಡುವುದನ್ನೂ ಬಿಡೋಣ.

ಮಾನ್ವಿ ಹುಡುಗಿ

ಅಕ್ಕ, ನಮ್ಮ ಮನೆಯಲ್ಲಿ ನೀರಿನ ಬಾಟಲಿಯಲ್ಲೇ ಇತ್ತು. ಇವತ್ತೇ ತೆಗೆಸುತ್ತೇನೆ.

ಐಸಿಯು ಅಕ್ಕನಿಗೆ ಒಂದು ಪ್ರಶ್ನೆ. ಅಪ್ಪನಿಗೆ ಅಟ್ರೋಪಿನ್ ಕೊಟ್ಟ ಮೇಲೆ ಅವರು ಹುಚ್ಚರ ಹಾಗೆ ಆಡಿದರು. ಹೊದಿಕೆ ಕೀಳುವುದು, ಗಾಳಿಯಲ್ಲಿ ಏನೋ ಹಿಡಿಯುವುದು. ಅಮ್ಮ ಅತ್ತು ಅತ್ತು ಸಾಕಾದರು. ಎಣ್ಣೆ ತಲೆಗೆ ಏರಿದ್ದಾ ಅದು?

ಐಸಿಯು ರಾತ್ರಿ ಪಾಳಿ

ಅಲ್ಲಮ್ಮ, ಅದು ಅಟ್ರೋಪಿನ್ ಸ್ವಲ್ಪ ಜಾಸ್ತಿಯಾದಾಗ ಆಗುವಂಥದ್ದು. ಪ್ರಮಾಣ ಇಳಿಸಿದರೆ ಇಳಿಯುತ್ತದೆ. ನಾನು ಪ್ರತಿ ರಾತ್ರಿ ಇದನ್ನು ನೋಡುತ್ತೇನೆ. ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದೆವ್ವ ಹಿಡಿದಿದೆ ಅಂತ ಹೆದರುತ್ತಾರೆ.

ಅಟ್ರೋಪಿನ್ ಡಸ್ಟರನ್ನು ಸರಿ ಮಾಡುವುದಿಲ್ಲ. ಬೋರ್ಡಿನಲ್ಲಿ ಬರೆದದ್ದು ಒಂದಷ್ಟು ಕಡೆ ಓದಿಸಿಕೊಳ್ಳದ ಹಾಗೆ ಪರದೆ ಎಳೆಯುತ್ತದೆ. ಎದೆಯ ಕಫ ಒಣಗಬೇಕು, ನಾಡಿ ಏರಬೇಕು, ಅಲ್ಲಿಯವರೆಗೆ ಐದೈದು ನಿಮಿಷಕ್ಕೆ ಡೋಸನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತಾರೆ. ಕಣ್ಣಿನ ಪಾಪೆ ದೊಡ್ಡದಾಯಿತಾ ಅಂತ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಗೊರ ಗೊರ ಹೋಯಿತಾ ಅಂತ ಕೇಳುವುದೇ ಮುಖ್ಯ.

ಇನ್ನೊಂದು ವಿಷಯ, ಇದನ್ನು ಎಲ್ಲರೂ ಓದಿ. ಒಂದು ದಿನ ಕಳೆದು ರೋಗಿ ಮಾತಾಡಿದ, ಗಂಜಿ ಕೇಳಿದ ಅಂತ ಹಟ ಹಿಡಿದು ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಸೋತು, ಆಮೇಲೆ ಉಸಿರಾಟದ ಸ್ನಾಯುಗಳೇ ಸೋಲಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಗುರುತಿಸಿ ಬರೆದರು. ನಾವು ಪ್ರತಿ ಪಾಳಿಯಲ್ಲೂ ರೋಗಿಗೆ "ದಿಂಬಿನಿಂದ ತಲೆ ಎತ್ತಿ" ಅನ್ನುತ್ತೇವೆ. ಎತ್ತಲು ಆಗದಿದ್ದರೆ ಆ ಕ್ಷಣವೇ ಡಾಕ್ಟರಿಗೆ ಹೇಳುತ್ತೇವೆ. ಒಬ್ಬ ಹುಡುಗನನ್ನು ಮನೆಯವರು ಎರಡನೇ ದಿನ ಕರೆದುಕೊಂಡು ಹೋದರು. ಮೂರನೇ ದಿನ ದಾರಿಯಲ್ಲೇ ಹೋದ. ಅವನ ಮುಖ ನನಗೆ ಮರೆತಿಲ್ಲ.

ಹಳ್ಳಿ ಮದ್ದು

ಅಟ್ರೋಪಿನ್ ಇರುವುದು ಉಮ್ಮತ್ತಿ ಕಾಯಿಯಲ್ಲಿ ಅಂತ ಕೇಳಿದ್ದೇನೆ. ಹಳ್ಳಿಯಲ್ಲಿ ಆಸ್ಪತ್ರೆ ದೂರ ಇದ್ದಾಗ ಉಮ್ಮತ್ತಿ ರಸ ಕೊಟ್ಟರೆ ಆಗುವುದಿಲ್ಲವಾ?

ಐಸಿಯು ರಾತ್ರಿ ಪಾಳಿ

ದಯವಿಟ್ಟು ಬೇಡ! ಒಂದು ಕಾಯಿಗೂ ಇನ್ನೊಂದು ಕಾಯಿಗೂ ಅದರ ಪ್ರಮಾಣ ಬೇರೆ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಏನೇ ಹಾಕಿದರೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಗಣಿ ನೀರು, ಉಪ್ಪು ನೀರು, ಹುಣಸೆ ನೀರು ಯಾವುದೂ ಬೇಡ. ವಾಂತಿ ಮಾಡಿಸಲೇಬೇಡಿ. ಔಷಧಿಯಲ್ಲಿರುವ ಸೀಮೆಎಣ್ಣೆಯಂಥ ದ್ರವ ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ಕಾಯಿಲೆ.

ಮಾಡಬೇಕಾದದ್ದು ಸರಳ. ಬಟ್ಟೆ ಪೂರ್ತಿ ಬಿಚ್ಚಿ, ಸೋಪು ಹಾಕಿ ಮೈ, ತಲೆಕೂದಲು, ಉಗುರುಸಂದು ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ತೊಳೆಯುವುದಕ್ಕೋಸ್ಕರ ಗಾಡಿ ತಡ ಮಾಡಬೇಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117. ಸಣ್ಣ ಆಸ್ಪತ್ರೆಯ ವೈದ್ಯರೂ ಅಲ್ಲಿ ಕೇಳುತ್ತಾರೆ.

ಕೆಮಿಸ್ಟ್ರಿ ಮೇಷ್ಟ್ರು, ಧಾರವಾಡ

ಬಟ್ಟೆ ಬಿಚ್ಚುವ ಮಾತಿಗೆ ಟೋಕಿಯೊ ನೆನಪಾಯಿತು. 1995ರ ಮಾರ್ಚ್ 20ರಂದು ಅಲ್ಲಿನ ಮೆಟ್ರೊದಲ್ಲಿ ಸರಿನ್ ಅನ್ನೋ ವಿಷಾನಿಲ ಬಿಟ್ಟರಲ್ಲ, ಆಗ ಆಸ್ಪತ್ರೆಗೆ ಬಂದವರ ಬಟ್ಟೆಯಿಂದಲೇ ವೈದ್ಯರಿಗೂ ನರ್ಸ್‌ಗಳಿಗೂ ಕಣ್ಣು ಮಂಜಾಗಿ ತಲೆನೋವು ಬಂತು.

ಸರಿನ್ ಕೂಡ ಇದೇ ಕುಟುಂಬ. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹುಳ ಕೊಲ್ಲುವ ಔಷಧಿ ಹುಡುಕುತ್ತಿದ್ದ. 1936ರಲ್ಲಿ ಟಾಬುನ್ ಸಿಕ್ಕಿತು, 1938ರಲ್ಲಿ ಸರಿನ್. ಹುಳಕ್ಕಿಂತ ಮನುಷ್ಯನಿಗೇ ಜಾಸ್ತಿ ಅಪಾಯ ಅಂತ ಗೊತ್ತಾದಾಗ ಸೈನ್ಯ ಎತ್ತಿಕೊಂಡು ಹೋಯಿತು. ಅದೇ ಶ್ರಾಡರ್ ಮುಂದೆ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಮಾಡಿದ. ಹುಳಕ್ಕೂ ನಮಗೂ ಇರುವ ಡಸ್ಟರ್ ಒಂದೇ, ಅದೇ ತೊಂದರೆ.

ಸೊಳ್ಳೆ ಕಾಟ, ಮಂಗಳೂರು

ಹಾಗಾದರೆ ಡೆಂಗ್ಯೂ ಬಂದಾಗ ಬೀದಿಯಲ್ಲಿ ಹೊಗೆ ಬಿಡುತ್ತಾರಲ್ಲ, ಮಲಾಥಿಯಾನ್, ಅದೂ ಇದೇನಾ? ಮಕ್ಕಳು ಆ ಹೊಗೆಯ ಹಿಂದೆ ಓಡುತ್ತಾರೆ!

ಕೃಷಿ ಪದವೀಧರೆ

ಹೌದು, ಜಾತಿ ಅದೇ. ಆದರೆ ಮಲಾಥಿಯಾನನ್ನು ನಮ್ಮ ಯಕೃತ್ತಿನ ಬೇರೆ ಕಿಣ್ವಗಳು ಬೇಗ ಮುರಿದುಹಾಕುತ್ತವೆ, ಹುಳಗಳಿಗೆ ಆ ಶಕ್ತಿ ಕಡಿಮೆ. ಅದಕ್ಕೇ ಊರೊಳಗೆ ಬಳಸುವುದು. ಮಕ್ಕಳನ್ನು ಮಾತ್ರ ಒಳಗೆ ಕರೆದುಕೊಳ್ಳಿ, ಆಹಾರ ಮುಚ್ಚಿಡಿ.

ಕ್ಲೋರ್‌ಪೈರಿಫಾಸ್ ಇದಕ್ಕೆ ತದ್ವಿರುದ್ಧ. ಅದನ್ನು ನಮ್ಮ ಯಕೃತ್ತೇ ಇನ್ನೂ ಚೂಪಾದ ವಿಷವನ್ನಾಗಿ ಮಾಡುತ್ತದೆ. ಅದಕ್ಕೇ ಕೆಲವರು ಹೊಲದಿಂದ ಬರುವಾಗ ಚೆನ್ನಾಗಿಯೇ ಇದ್ದು ತಡವಾಗಿ ಬೀಳುತ್ತಾರೆ.

ಗೃಹಿಣಿ, ತುಮಕೂರು

ತರಕಾರಿಯನ್ನು ಉಪ್ಪು, ಅರಿಶಿನ ಹಾಕಿದ ನೀರಿನಲ್ಲಿ ನೆನೆಸಿದರೆ ಎಲ್ಲ ಹೋಗುತ್ತದೆ ಅಲ್ವಾ?

ಕೃಷಿ ಪದವೀಧರೆ

ಮೇಲೆ ಕೂತದ್ದು ಒಂದಷ್ಟು ಹೋಗುತ್ತದೆ ಅಕ್ಕ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸಾಕು. ಆದರೆ ರೋಗರ್‌ನಲ್ಲಿರುವ ಡೈಮಿಥೋಯೇಟ್‌ನಂಥದ್ದು ಗಿಡದ ಒಳಗೇ ಹರಿದಾಡುತ್ತದೆ. ಅದನ್ನು ಯಾವ ಅರಿಶಿನವೂ ತೆಗೆಯುವುದಿಲ್ಲ. ಔಷಧಿ ಹೊಡೆದು ಎಷ್ಟು ದಿನದ ಮೇಲೆ ಕೊಯ್ಯಬೇಕು ಅಂತ ಚೀಟಿಯಲ್ಲಿ ಇರುತ್ತದೆ. ಬದನೆಕಾಯಿಗೆ ಬೆಳಿಗ್ಗೆ ಹೊಡೆದು ಸಂಜೆ ಸಂತೆಗೆ ತಂದರೆ ನಿಮ್ಮ ಸಿಂಕಿನಲ್ಲಿ ಅದಕ್ಕೆ ಪರಿಹಾರ ಇಲ್ಲ.

ಅರಿವಳಿಕೆ ವೈದ್ಯ

ಇಷ್ಟೂ ಓದಿ ಜನ ಈ ಕಿಣ್ವ ತಡೆಯುವುದೆಲ್ಲ ಕೆಟ್ಟದ್ದು ಅಂದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಆಗಿದ್ದರೆ, ಕೊನೆಯಲ್ಲಿ ನಿಯೋಸ್ಟಿಗ್ಮಿನ್ ಕೊಟ್ಟೇ ಎಬ್ಬಿಸಿರುವ ಸಾಧ್ಯತೆ ಜಾಸ್ತಿ. ಆಪರೇಷನ್‌ಗೆ ಸ್ನಾಯುಗಳನ್ನು ಸಡಿಲ ಮಾಡಿರುತ್ತೇವೆ. ಮುಗಿದ ಮೇಲೆ ಡಸ್ಟರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟರೆ ನರದ ಮಾತು ಮತ್ತೆ ಸ್ನಾಯುವಿಗೆ ಕೇಳಿಸುತ್ತದೆ. ರೋಗಿ ತಾನೇ ಉಸಿರೆಳೆಯುವ ಆ ಗಳಿಗೆ ಇವತ್ತಿಗೂ ನನಗೆ ಸಂತೋಷ ಕೊಡುತ್ತದೆ. ನಾಡಿ ಇಳಿಯದ ಹಾಗೆ ಜೊತೆಗೆ ಗ್ಲೈಕೋಪೈರೋಲೇಟ್ ಕೊಡುತ್ತೇವೆ.

ನಾಗರಹಾವು ಕಚ್ಚಿ ರೆಪ್ಪೆ ಜೋತುಬಿದ್ದವರಿಗೂ ಆ್ಯಂಟಿವೆನಮ್ ಜೊತೆ ಇದನ್ನೇ, ಅಟ್ರೋಪಿನ್ ಸೇರಿಸಿ ಕೊಡುತ್ತೇವೆ. ಕಟ್ಟುಹಾವಿನ ಕಡಿತಕ್ಕೆ ಇದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದರ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ.

@ಮಾನ್ವಿ ಹುಡುಗಿ, ಅಜ್ಜಿಗೆ ಎಂದಾದರೂ ಆಪರೇಷನ್ ಆಗುವುದಾದರೆ ಡೊನೆಪೆಜಿಲ್ ತೆಗೆದುಕೊಳ್ಳುತ್ತಾರೆ ಅಂತ ಮರೆಯದೆ ಹೇಳಿ. ನಾವು ಕೊಡುವ ಕೆಲವು ಔಷಧಿಗಳ ಜೊತೆ ಅದಕ್ಕೆ ಸಂಬಂಧ ಇದೆ.

ರೆಪ್ಪೆ ಭಾರ

ನನಗೆ ಮಯಸ್ತೇನಿಯಾ ಗ್ರೇವಿಸ್, ಅಂದರೆ ನರದ ಮಾತು ಸ್ನಾಯುವಿಗೆ ಸರಿಯಾಗಿ ಕೇಳಿಸದ ಕಾಯಿಲೆ. ಸಂಜೆಯಾದರೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಚಪಾತಿ ಅಗಿಯುತ್ತಾ ದವಡೆ ಸೋಲುತ್ತಿತ್ತು. ಈಗ ದಿನಕ್ಕೆ ನಾಲ್ಕು ಸಲ ಪಿರಿಡೋಸ್ಟಿಗ್ಮಿನ್, ಅದೂ ಡಸ್ಟರನ್ನು ಹಿಡಿದಿಡುವ ಮಾತ್ರೆಯೇ. ಮಾತ್ರೆ ತೆಗೆದುಕೊಂಡ ಮುಕ್ಕಾಲು ಗಂಟೆಗೆ ಮುಖದ ಮೇಲೆ ನಗು ಬರುತ್ತದೆ, ನಿಜವಾಗಿಯೂ. ಅದಕ್ಕಿಂತ ಮುಂಚೆ ನಗಲು ಸ್ನಾಯುವೇ ಒಪ್ಪುತ್ತಿರಲಿಲ್ಲ. 1934ರಲ್ಲಿ ಲಂಡನ್ನಿನ ಮೇರಿ ವಾಕರ್ ಅನ್ನುವ ವೈದ್ಯೆ ಈ ಕಾಯಿಲೆಗೆ ಇಂಥ ಔಷಧಿ ಕೊಟ್ಟು ನೋಡಿದರು. ಈ ಕಾಯಿಲೆ ಬಾಣದ ತುದಿಗೆ ಹಚ್ಚುವ ಕ್ಯುರಾರೆ ವಿಷದ ಹಾಗೇ ಕಾಣುತ್ತದೆ, ಅದಕ್ಕೆ ಕೊಡುವ ಮದ್ದನ್ನೇ ಇದಕ್ಕೂ ಕೊಡೋಣ ಅನ್ನುವುದು ಅವರ ಯೋಚನೆ. ಅವರಿಗೆ ನಾನು ಪ್ರತಿ ದಿನ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು, ಧಾರವಾಡ

ಅವರು ಕೊಟ್ಟದ್ದು ಫೈಸೋಸ್ಟಿಗ್ಮಿನ್. ಅದು ಬಂದದ್ದು ನೈಜೀರಿಯಾದ ಕಲಾಬಾರ್ ಕಡೆಯ ಒಂದು ಬೀಜದಿಂದ. ಅಲ್ಲಿ ಆರೋಪ ಹೊತ್ತವನಿಗೆ ಆ ಬೀಜ ತಿನ್ನಿಸುತ್ತಿದ್ದರು. ಬದುಕಿದರೆ ನಿರಪರಾಧಿ. 1864ರಲ್ಲಿ ಅದರ ಸಾರವನ್ನು ಬೇರ್ಪಡಿಸಿದರು, ಆಮೇಲೆ ಗ್ಲಾಕೋಮಾಗೆ ಕಣ್ಣಿನ ಹನಿಯಾಯಿತು.

ಬೀದರ್ ಬಿಸಿಲು

ನಾನು ಮೊದಲು ಎರಡೂ ವಿಷ ಅಂದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಕೇಳಬೇಕು. ಡೊನೆಪೆಜಿಲ್‌ನಿಂದ ಮರೆವು ವಾಸಿಯಾಗುತ್ತದಾ? ಅಮ್ಮನಿಗೆ ಒಂದು ವರ್ಷ ಕೊಟ್ಟೆವು, ಕೊನೆಗೆ ನನ್ನ ಹೆಸರೂ ಮರೆತರು.

ಟೊರಾಂಟೊ ಕನ್ನಡತಿ

ನಿಮ್ಮ ನೋವು ಅರ್ಥವಾಗುತ್ತದೆ ಸರ್. ವಾಸಿಯಾಗುವುದಿಲ್ಲ. ಕಾಯಿಲೆ ಒಳಗೆ ನಡೆಯುತ್ತಲೇ ಇರುತ್ತದೆ. ನಾನು ಇಲ್ಲಿನ ಹಿರಿಯರ ಮನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕೆಲವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಕೆಲವರು ತಾವಾಗಿಯೇ ಬಟ್ಟೆಯ ಗುಂಡಿ ಹಾಕಿಕೊಳ್ಳುವುದು ಇನ್ನೊಂದಷ್ಟು ತಿಂಗಳು ಉಳಿಯುತ್ತದೆ. ನಮ್ಮ ಅತ್ತೆ ಮಾತ್ರೆ ಶುರುವಾದ ಮೇಲೆ ಮತ್ತೆ ರಂಗೋಲಿ ಇಟ್ಟರು. ಆರೇಳು ತಿಂಗಳು ಅಷ್ಟೇ. ಆ ಆರೇಳು ತಿಂಗಳು ನಮಗೆ ಸಣ್ಣದಲ್ಲ.

ವಾಕರಿಕೆ, ಭೇದಿ, ಊಟ ಸೇರದೆ ತೂಕ ಇಳಿಯುವುದು, ನಾಡಿ ನಿಧಾನವಾಗಿ ತಲೆಸುತ್ತಿ ಬೀಳುವುದು, ಇವನ್ನು ನೋಡುತ್ತಿರಬೇಕು. ಕೆಟ್ಟ ಕನಸು ಬಿದ್ದರೆ ಡಾಕ್ಟರನ್ನು ಕೇಳಿ ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದು.

ಹಳೇ ಔಷಧಿ ಅಂಗಡಿ

ಇದಕ್ಕೆ ಸೇರಿಸುತ್ತೇನೆ. ಡೊನೆಪೆಜಿಲ್‌ನಿಂದ ಕೆಲವರಿಗೆ ಮೂತ್ರ ತಡೆಯಲು ಆಗುವುದಿಲ್ಲ. ಆಗ ಇನ್ನೊಬ್ಬ ಡಾಕ್ಟರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಒಂದು ಮಾತ್ರೆ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ, ಇನ್ನೊಂದು ಅದಕ್ಕೇ ಅಡ್ಡ ನಿಲ್ಲುತ್ತದೆ. ಅಜ್ಜಿಗೆ ಎರಡೂ ದಕ್ಕುವುದಿಲ್ಲ, ಮರೆವು ಮಾತ್ರ ಹೆಚ್ಚುತ್ತದೆ. ನೆಗಡಿಯ ಹಳೇ ಮಾತ್ರೆಗಳೂ ಹಾಗೇ. ಅಜ್ಜಿಯ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಡಾಕ್ಟರಿಗೆ ತೋರಿಸಿ.

ದ್ರಾಕ್ಷಿ ತೋಟ, ವಿಜಯಪುರ

ಪ್ಯಾಮ್ ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಾಕಾಗೆ ಪ್ಯಾಮ್ ಇಲ್ಲ ಅಂತ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಡಿಸಿದರು. ಅದಿದ್ದರೇ ಬದುಕುವುದಂತೆ, ಹೌದಾ?

ಅರಿವಳಿಕೆ ವೈದ್ಯ

ಪ್ಯಾಮ್ ಅಂದರೆ ಪ್ರಾಲಿಡಾಕ್ಸಿಮ್. ನರ್ಸ್ ಮೇಡಂ ಹೇಳಿದ ಬೋಲ್ಟನ್ನು ಬಿಚ್ಚುವ ಔಷಧಿ ಅದು, ತುಕ್ಕು ಹಿಡಿಯುವ ಮುಂಚೆ ಮಾತ್ರ. ಮೋನೋಕ್ರೋಟೋಫಾಸ್, ಡೈಮಿಥೋಯೇಟ್‌ನಂಥವುಗಳಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಕ್ಲೋರ್‌ಪೈರಿಫಾಸ್‌ನಲ್ಲಿ ಒಂದು ದಿನಕ್ಕೂ ಹೆಚ್ಚು ಸಮಯ ಸಿಗುತ್ತದೆ. ವೆಲ್ಲೂರಿನಲ್ಲೂ ಶ್ರೀಲಂಕಾದಲ್ಲೂ ನಡೆದ ಪರೀಕ್ಷೆಗಳಲ್ಲಿ ಪ್ಯಾಮ್‌ನಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಅದಿಲ್ಲ ಅಂತ ರೋಗಿಯನ್ನು ಅಟ್ರೋಪಿನ್ ಇಲ್ಲದೆ ದಾರಿಗೆ ಹಾಕುವುದು ದೊಡ್ಡ ತಪ್ಪು. ಅಟ್ರೋಪಿನ್, ಆಕ್ಸಿಜನ್, ಬೇಕಾದರೆ ವೆಂಟಿಲೇಟರ್, ಜೀವ ಉಳಿಸುವುದು ಇವು.

ಐಸಿಯು ರಾತ್ರಿ ಪಾಳಿ

ಸರ್, ನಮ್ಮಲ್ಲಿ ಹಿರಿಯ ವೈದ್ಯರು ಬೇಗ ಬಂದವರಿಗೆ ಪ್ಯಾಮ್ ಕೊಡುತ್ತಾರೆ, ಕೆಲವರಲ್ಲಿ ಗುಣ ಕಂಡಿದ್ದೇನೆ. ಪೂರ್ತಿ ತಳ್ಳಿಹಾಕಬೇಡಿ.

ಅರಿವಳಿಕೆ ವೈದ್ಯ

ತಳ್ಳಿಹಾಕುತ್ತಿಲ್ಲ ಮೇಡಂ. ಬೇಗ ಬಂದವರಿಗೆ ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ. ಅದಕ್ಕಾಗಿ ಕಾಯುತ್ತಾ ಕೂರಬಾರದು ಅನ್ನುವುದಷ್ಟೇ ನನ್ನ ಮಾತು.

ಹೆಸರು ಬೇಡ

ನಮ್ಮ ಮನೆಯಲ್ಲಿ ಒಬ್ಬರು ಸಿಟ್ಟಿನ ಭರದಲ್ಲಿ ಮಾಡಿಕೊಂಡರು. ಹತ್ತು ನಿಮಿಷದ ಸಿಟ್ಟು. ಕೈಗೆ ಸಿಗುವ ಹಾಗೆ ಇಡದೆ ಇದ್ದಿದ್ದರೆ ಇವತ್ತು ಇರುತ್ತಿದ್ದರು. ಹೊಲದ ಔಷಧಿಯನ್ನು ಬೀಗ ಹಾಕಿ ಇಡಿ, ಕೀಲಿ ಒಬ್ಬರ ಹತ್ತಿರ ಮಾತ್ರ ಇರಲಿ. ಮನಸ್ಸು ತೀರಾ ಕುಸಿದಾಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಬಿಸಿಯೂಟದ ಅಕ್ಕ

ನಿಮ್ಮ ಜೊತೆ ಇದ್ದೇವೆ. ಬರೆದದ್ದು ಒಳ್ಳೆಯದಾಯಿತು.

ಮಾನ್ವಿ ಹುಡುಗಿ (ಬುಧವಾರ, ಸಂಜೆ 6:40)

ಡಾಕ್ಟರ ಹತ್ತಿರ ಮಾತಾಡಿದೆ. ಅಜ್ಜಿಗೆ ನಿನ್ನೆ ರಾತ್ರಿಯಿಂದ ಮಾತ್ರೆ ಮತ್ತೆ ಶುರು. ಅಜ್ಜಿಯ ನಾಡಿ ನೋಡುವುದನ್ನು ಕಲಿತಿದ್ದೇನೆ.

ಅಪ್ಪ ಮಾತ್ರ ಹಟ. ಇನ್ನೊಂದು ಸಲ ಹೊಡೆಯದಿದ್ದರೆ ಕಾಯಿ ಉಳಿಯುವುದಿಲ್ಲ, ಸೋಮವಾರ ಹೊಲಕ್ಕೆ ಹೋಗುತ್ತೇನೆ ಅನ್ನುತ್ತಾರೆ. ಮೈ ಹಗುರ ಆಗಿದೆಯಂತೆ. ಹೋಗಬಹುದಾ?

ಐಸಿಯು ರಾತ್ರಿ ಪಾಳಿ

ಬೇಡವೇ ಬೇಡ. ಮೈ ಹಗುರ ಅನ್ನಿಸಿದರೂ ಕಿಣ್ವ ಇನ್ನೂ ತುಂಬಿರುವುದಿಲ್ಲ. ಕೆಂಪು ರಕ್ತಕಣದ ಕೋಲಿನೆಸ್ಟರೇಸ್ ಮೊದಲಿನ ಮಟ್ಟಕ್ಕೆ ಬರಲು ಮೂರು ನಾಲ್ಕು ತಿಂಗಳಾಗಬಹುದು. ಈಗ ಸ್ವಲ್ಪ ತಾಗಿದರೂ ಹೋದ ಸಲಕ್ಕಿಂತ ಜೋರಾಗಿ ಬೀಳುತ್ತಾರೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೂಂ ಅನ್ನುವವರೆಗೆ ಔಷಧಿ ಹೊಡೆದ ಹೊಲದ ಕಡೆಗೂ ಕಳಿಸಬೇಡಿ.

ದ್ರಾಕ್ಷಿ ತೋಟ, ವಿಜಯಪುರ

ತಂಗಿ, ಅಪ್ಪನಿಗೆ ಹೇಳು, ಬೇರೆ ಆಳು ಸಿಗುತ್ತಾನೆ. ಆ ಆಳಿಗೂ ತುಂಬು ತೋಳಿನ ಅಂಗಿ, ರಬ್ಬರ್ ಕೈಗವಸು ಕೊಡಿಸಿ. ಗಾಳಿಗೆ ಬೆನ್ನು ಮಾಡಿ, ಬೆಳಿಗ್ಗೆ ತಂಪಿನಲ್ಲಿ ಮುಗಿಸಲಿ. ಮತ್ತೆ ಆ ಪಂಪಿನ ಮುಚ್ಚಳಕ್ಕೆ ಹೊಸ ವಾಷರ್ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಮಾನ್ವಿ ಹುಡುಗಿ

ತಮ್ಮನನ್ನು ಪೇಟೆಗೆ ಕಳಿಸಿದ್ದೇನೆ ಅಣ್ಣ. ವಾಷರ್ ಜೊತೆಗೆ ಕೈಗವಸೂ ತರುತ್ತಾನೆ. ಅಪ್ಪ ಸಿಟ್ಟು ಮಾಡಿಕೊಂಡು ಅಜ್ಜಿಯ ಪಕ್ಕ ಹೋಗಿ ಕೂತಿದ್ದಾರೆ. "ಊಟ ಆಯ್ತೇನು ಮಗಾ" ಅಂತ ಅಜ್ಜಿ ಮೂರನೇ ಸಲ ಕೇಳುತ್ತಿದ್ದಾಳೆ.